ಹೆಸರುಗಳನ್ನು ಬದಲಿಸಲಾಗಿದೆ

ಜನವರಿ 6, ಸೋಮವಾರ

ಮಾನವಶಾಸ್ತ್ರದ ಪ್ರೊಫೆಸರುಗಳ ಮೇಲೆಯೇ ಯಾರಾದರೂ ಒಂದು ಪಿಎಚ್.ಡಿ. ಮಾಡಬೇಕು. ಒಂದು ವಾರದಲ್ಲಿ ಮೂವರ ಬಾಗಿಲು ಬಡಿದೆ. ಮೊದಲನೆಯವರಿಗೆ ಮುಂದಿನ ವರ್ಷ ನಿವೃತ್ತಿ, ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಈ ಒಂದು ವಾಕ್ಯ ಹೇಳುವ ಮೊದಲು ಮಂಡಿ ಆಪರೇಷನ್ನಿನ ಕಥೆಯನ್ನು ಮುಕ್ಕಾಲು ಗಂಟೆ ಕೇಳಿಸಿದರು. ಎರಡನೆಯವರು ನನ್ನ ಪ್ರಸ್ತಾವನೆಯ ಒಂದು ಪುಟವನ್ನೂ ತಿರುವದೆ 'ಬಹಳ ಚೆನ್ನಾಗಿದೆ' ಎಂದು ಹೊಗಳಿ, ಮಗನ ಮದುವೆಯ ಲಗ್ನಪತ್ರಿಕೆ ಕೊಟ್ಟು ಕಳಿಸಿದರು.

ಮೂರನೆಯವರು ವಾಗೀಶ ಸರ್. ಇಡೀ ವಿಭಾಗದಲ್ಲಿ ತಲೆ ಎನ್ನುವುದು ಇದ್ದರೆ ಅವರೊಬ್ಬರಿಗೆ. ಅವರ ಕೋಣೆಯಲ್ಲಿ ಪುಸ್ತಕದ ವಾಸನೆ, ಉಳಿದವರ ಕೋಣೆಯಲ್ಲಿ ಊಟದ ಡಬ್ಬಿಯ ವಾಸನೆ. ಆದರೆ ಅವರ ಕೈಕೆಳಗೆ ಈಗಾಗಲೇ ಎಂಟು ಜನ, ಜಾಗ ಭರ್ತಿ. 'ಯಾರಾದ್ರೂ ಮುಗಿಸಿ ಹೋದ್ರೆ ನೋಡೋಣ ವರ್ಷಿಣಿ, ನಿಮ್ಮಂಥೋರು ನಂಗೆ ಬೇಕು' ಎಂದರು. ಆ ಎಂಟೂ ಜನರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರು ಥೀಸಿಸ್ ಮುಗಿಸುವ ಹೊತ್ತಿಗೆ ನನಗೆ ಮೊಮ್ಮಕ್ಕಳಾಗಿರುತ್ತಾರೆ.

ನನಗೆ ಅಷ್ಟು ಕಾಲವಿಲ್ಲ. ಫೆಲೋಶಿಪ್ ಪತ್ರ ಬಂದು ಮೂರು ವರ್ಷವಾಗುತ್ತಾ ಬಂತು. ಮಾರ್ಚ್ 28ರೊಳಗೆ ಗೈಡ್ ಒಬ್ಬರ ಒಪ್ಪಿಗೆ ಸಹಿ ಇರುವ ಅರ್ಜಿ ಕೊಡದಿದ್ದರೆ ಅದು ರದ್ದು. ಇನ್ನೊಂದು ಸಲ ಆ ಫೆಲೋಶಿಪ್ ಪರೀಕ್ಷೆ ಬರೆಯುವುದಿಲ್ಲ ಎಂದು ಅಪ್ಪನಿಗೆ ಹೇಳಿದ್ದೇನೆ. ಹಾಗಾದರೆ ಗಂಡು ನೋಡುತ್ತೇನೆ ಎಂದು ಅಪ್ಪ ಹೇಳಿದ್ದಾರೆ. ಚಿನ್ನದ ಪದಕ ತೆಗೆದುಕೊಂಡವಳು ಒಂದು ಸಹಿಗಾಗಿ ಬಾಗಿಲು ಬಾಗಿಲು ತಿರುಗುತ್ತಿದ್ದೇನೆ.

ಜನವರಿ 9, ಗುರುವಾರ

ಜಾಗ ಖಾಲಿ ಇರುವುದು ಒಬ್ಬರ ಬಳಿ ಮಾತ್ರ ಎಂದು ಆಫೀಸಿನವರು ಹೇಳಿದರು. ಪ್ರೇಮ್‌ಕುಮಾರ್. ಖಾಲಿ ಇರದೆ ಏನು ಮಾಡೀತು? ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದೇ ಪುಸ್ತಕ ಬರೆದಿದ್ದಾನೆ. ಇಲವಾಲದಿಂದ ಸಿಟಿ ಬಸ್ಸಿನಲ್ಲಿ ಬರುತ್ತಾನೆ. ಸೆಮಿನಾರಿನಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಾನೆ. ಈ ಕೆಲಸ ಹೇಗೆ ಸಿಕ್ಕಿತು ಎಂದು ನಾನು ಕೇಳುವುದಿಲ್ಲ. ನಾನು ಜಾತಿ ನೋಡುವವಳಲ್ಲ. ನೋಡುವವರು ಏನು ಹೇಳುತ್ತಾರೆಂದು ಗೊತ್ತು, ಅಷ್ಟೆ.

ಶೌಚಾಲಯದ ಪಕ್ಕದ ಕೋಣೆ. ಗೋಡೆಯಲ್ಲಿ ಬುದ್ಧನ ಕ್ಯಾಲೆಂಡರು. ನನ್ನ ಹದಿನೈದು ಪುಟವನ್ನೂ ನನ್ನೆದುರೇ ಕೂತು ನಲವತ್ತು ನಿಮಿಷ ಓದಿದ.

'ಇದರಲ್ಲಿ ಜನ ಯಾರೂ ಇಲ್ವಲ್ಲಮ್ಮ.'

'ಸರ್, ಅದು ಥಿಯರಿ ಭಾಗ.'

'ಸರಿ, ಒಂದ್ ಕೆಲ್ಸ ಮಾಡಿ. ಎಲ್ಲಾದ್ರೂ ಒಂದ್ ಕಡೆ ಒಂದ್ ತಿಂಗ್ಳು ಕೂತ್ಕೊಳಿ. ಪ್ರಶ್ನೆ ಕೇಳ್ಬೇಡಿ. ಕಂಡಿದ್ದು, ಕೇಳಿಸ್ಕೊಂಡಿದ್ದು ಬರ್ದು ವಾರಕ್ಕೊಂದ್ಸಲ ತಂದ್ಕೊಡಿ. ಆಮೇಲೆ ಸಹಿ ವಿಷ್ಯ ಮಾತಾಡಣ.'

ಇದು ಎಂ.ಎ. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಕೊಡುವ ಹೋಂವರ್ಕು. ಕಾರ್ಯವಾಸಿ ಕತ್ತೆ ಕಾಲು ಹಿಡಿ ಎನ್ನುತ್ತಾರೆ. ಹಿಡಿದು ಬಂದೆ.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಲು ಹಿನಕಲ್ಲಿನಿಂದ ದೇವೀರತ್ತೆ ಬಂದಿದ್ದರು. ಅಪ್ಪನ ದೊಡ್ಡಪ್ಪನ ಮಗಳು. ಜಮೀನು ಬಡಾವಣೆಗೆ ಹೋದಾಗ ಬಂದದ್ದರಲ್ಲಿ ಅಪ್ಪ ವಿಜಯನಗರದಲ್ಲಿ ಮನೆ ಕಟ್ಟಿ ಹಾರ್ಡ್‌ವೇರ್ ಅಂಗಡಿ ಇಟ್ಟರು. ಅತ್ತೆಯ ಗಂಡ ಒಂದು ಪಂಚಾಯಿತಿ ಎಲೆಕ್ಷನ್ನಿಗೆ ಎಲ್ಲವನ್ನೂ ಸುರಿದು, ಸೋತು, ಈಗ ಜಗುಲಿ ಕಾಯುತ್ತಾರೆ. ಇಷ್ಟಾದರೂ ಆ ಮನೆಯ ಗತ್ತಿಗೆ ಕಮ್ಮಿಯಿಲ್ಲ. ಅತ್ತೆ ನಮ್ಮ ಬಡಾವಣೆಯ ಲೇಡೀಸ್ ಪಿ.ಜಿ. ಒಂದರಲ್ಲಿ 'ಉಸ್ತುವಾರಿ' ನೋಡಿಕೊಳ್ಳುತ್ತಾರಂತೆ.

ನನಗೆ ಹೊಳೆಯಿತು. ಮನೆಯಿಂದ ಐದು ನಿಮಿಷದ ದಾರಿ. ಕೂರುವುದೇ ಆದರೆ ಎಲ್ಲಿ ಕೂತರೇನು?

'ಬಾ ಮಗ, ಕುರ್ಚಿ ಆಕುಸ್ತೀನಿ' ಎಂದರು ಅತ್ತೆ.

ಜನವರಿ 22, ಬುಧವಾರ

ಉಸ್ತುವಾರಿ ಎಂದರೆ ಬೆಳಗಿನ ಐದೂವರೆಯಿಂದ ಒಲೆ ಮುಂದೆ ನಿಂತು ಎಪ್ಪತ್ತು ಹುಡುಗಿಯರಿಗೆ ಬೇಯಿಸುವುದು. ನನ್ನನ್ನು ಕಂಡಾಗಲೆಲ್ಲ ಅತ್ತೆ ಸೌಟನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಯಾರೋ ಬೇರೆಯವರು ಬೇಯಿಸುತ್ತಿದ್ದಾರೆ ಎನ್ನುವ ಹಾಗೆ. ನಗು ತಡೆಯುವುದು ಕಷ್ಟ.

ಪಿ.ಜಿ. ಮಾಲೀಕ ವಿಜಯ್‌ಕುಮಾರ್ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾನೆ: 'ಉಳಿದ ಊಟವನ್ನು ಡ್ರಮ್ಮಿಗೆ ಹಾಕತಕ್ಕದ್ದು. ಮನೆಗೆ ಒಯ್ಯುವಂತಿಲ್ಲ.' ಒಯ್ಯಲು ಬಿಟ್ಟರೆ ಬೇಕೆಂದೇ ಜಾಸ್ತಿ ಬೇಯಿಸುತ್ತಾರಂತೆ. ಅವನ ಮಟ್ಟಕ್ಕೆ ಅದೂ ಒಂದು ಸಿದ್ಧಾಂತ.

ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಒಬ್ಬಳು ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚುತ್ತಾಳೆ. 'ಏನವ್ವ ಅಷ್ಟೊಂದ್ ಬರೀತೀಯ?' ಎಂದಳು. 'ಕಾಲೇಜಿಗೆ' ಎಂದೆ. ಮೊದಲ ವಾರದ ನೋಟ್ಸು ಕೊಟ್ಟಾಯಿತು, ಹನ್ನೊಂದು ಪುಟ.

ಜನವರಿ 24, ಶುಕ್ರವಾರ

ವಾಪಸ್ಸು ಬಂತು. ಅಂಚಿನ ತುಂಬ ಕೆಂಪು ಪೆನ್ನು. 'ಇಲ್ಲಿನ ಹೆಂಗಸರಿಗೆ ಮಾಲೀಕನ ಭಯ' ಎಂದು ಬರೆದಿದ್ದೆ. ಪಕ್ಕದಲ್ಲಿ: 'ಯಾರು ಹೇಳಿದ್ದು?' 'ದೇವೀರಮ್ಮ ತನ್ನ ಕೆಲಸದ ಬಗ್ಗೆ ನಾಚುತ್ತಾಳೆ.' 'ಯಾರು ಹೇಳಿದ್ದು?' ಹನ್ನೊಂದು ಪುಟದಲ್ಲಿ ಇಪ್ಪತ್ತಮೂರು ಸಲ ಯಾರು ಹೇಳಿದ್ದು. ಮನುಷ್ಯನಿಗೆ ಬೇರೆ ವಾಕ್ಯ ಬರುವುದಿಲ್ಲವೇನೋ. ನಾನು ಹೇಳಿದ್ದು! ಅದಕ್ಕೇ ಅಲ್ಲವೇ ಆರು ವರ್ಷ ಓದಿದ್ದು?

ಜನವರಿ 31, ಶುಕ್ರವಾರ

ಎರಡನೇ ವಾರ. ಹತ್ತೊಂಬತ್ತು ಸಲ.

ಫೆಬ್ರವರಿ 5, ಬುಧವಾರ

ಸಿಕ್ಕಿತು. ಮೂರು ವಾರದ ಬೆಂಚು ಬಿಸಿ ಮಾಡುವ ಕೆಲಸಕ್ಕೆ ಇವತ್ತು ಫಲ ಬಂತು.

ಮಧ್ಯಾಹ್ನ ಕೆಲಸ ಮುಗಿಸಿದ ಅತ್ತೆ ಊಟಕ್ಕೆ ಮನೆಗೆ ಕರೆದರು. ಹಿನಕಲ್ಲಿನ ಹಳೆ ಬೀದಿ. ಸೊಸೆ ತವರಿಗೆ ಹೋಗಿದ್ದಳು. ಅತ್ತೆ ಸೆರಗಿನಡಿಯಿಂದ ಸ್ಟೀಲ್ ಕ್ಯಾರಿಯರ್ ತೆಗೆದು, ಪಿ.ಜಿ.ಯ ಸಾರನ್ನು ತಮ್ಮ ಪಾತ್ರೆಗೆ ಬಗ್ಗಿಸಿ, ಒಲೆ ಮೇಲಿಟ್ಟರು. ಬಾಣಲೆಗೆ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು. ಒಗ್ಗರಣೆಯ ಚಟಪಟ ಬೀದಿಗೆ ಕೇಳಿಸುವ ಹಾಗೆ ಹಾಕಿದರು. ಜಗುಲಿಯಿಂದ ಮಾವ ಎದ್ದು ಬಂದರು.

'ಏನೇ ಅನ್ನು, ಮನೆ ಸಾರು ಮನೆ ಸಾರೇ ಕಣವ್ವ. ಆಸ್ಟ್ಲು ಸಾರ್ನ ನಮ್ ನಾಯಿನೂ ಮೂಸಲ್ಲ' ಎಂದು ಎರಡು ಸಲ ಬಡಿಸಿಕೊಂಡರು.

ಅತ್ತೆ ನನ್ನ ಮುಖ ನೋಡಿದರು. ಹೊರಡುವಾಗ ಹೊಸ್ತಿಲ ಹತ್ತಿರ ಕೈ ಹಿಡಿದು, 'ನೋಡ್ದಲ್ಲ ಮಗ. ಒಟ್ಟೇಲೇ ಮಡಿಕೊ' ಎಂದರು. ಆಯಿತು ಎಂದೆ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಶೀರ್ಷಿಕೆ ಹೊಳೆದಿತ್ತು: 'ಒಗ್ಗರಣೆ ಎಂಬ ಶುದ್ಧೀಕರಣ.' ಎಂಜಲು ಮನೆಯ ಅಡುಗೆಯಾಗುವ ಕ್ಷಣ! ಇದು ವಾಗೀಶ ಸರ್ ಓದಬೇಕಾದದ್ದು, ಪ್ರೇಮ್‌ಕುಮಾರನಲ್ಲ.

ಫೆಬ್ರವರಿ 18, ಮಂಗಳವಾರ

ಪ್ರಬಂಧ ಮುಗಿಯಿತು, ಇಪ್ಪತ್ತೆರಡು ಪುಟ. 28ರ ಸೆಮಿನಾರಿನಲ್ಲಿ ಓದಲು ವಾಗೀಶ ಸರ್ ಜಾಗ ಕೊಟ್ಟಿದ್ದಾರೆ. ಅವರು ಸಂಪಾದಿಸುತ್ತಿರುವ ಸಂಪುಟಕ್ಕೂ ಆಗಬಹುದಂತೆ.

ನಿಯಮದಂತೆ ಹೆಸರು ಬದಲಿಸಿದೆ. ಅತ್ತೆಯ ಜಾಡು ಯಾರಿಗೂ ಸಿಗಬಾರದು, ನೆಂಟಸ್ತಿಕೆಯ ಪ್ರಶ್ನೆ. ಹೆಸರಷ್ಟೇ ಅಲ್ಲ, ಜಾತಿಯನ್ನೂ ಬದಲಿಸಿದರೆ ಕ್ಷೇಮ ಎನಿಸಿತು. ಪುಟ್ಟಲಿಂಗಮ್ಮ ಎಂದಿಟ್ಟೆ. ಎರಡು ಸೆಕೆಂಡು ಹಿಡಿಯಿತು. ಕೆಳಗೆ ಅಡಿಟಿಪ್ಪಣಿ: ಹೆಸರುಗಳನ್ನು ಬದಲಿಸಲಾಗಿದೆ.

ಫೆಬ್ರವರಿ 28, ಶುಕ್ರವಾರ

ಗೆದ್ದೆ. 'ಇಂಥ ಕಣ್ಣು ಹತ್ತು ವರ್ಷಕ್ಕೊಬ್ಬರಿಗೆ' ಎಂದರು ವಾಗೀಶ ಸರ್, ಮೈಕಿನಲ್ಲೇ. ಪುಟ್ಟಲಿಂಗಮ್ಮ ಸಾರನ್ನು ಸೆರಗಿನಡಿ ಸಾಗಿಸುವ ಭಾಗಕ್ಕೆ ಇಡೀ ಸಭೆ ನಕ್ಕಿತು. ಎಂ.ಎ. ಹುಡುಗಿ ಗಗನ ಬಂದು, ತಾನೂ ಅದೇ ಪಿ.ಜಿ.ಯಲ್ಲಿರುವುದಾಗಿ, 'ಅಕ್ಕಾ, ಸೂಪರ್' ಎಂದು ಕೈ ಕುಲುಕಿ ಹೋದಳು.

ಕೊನೆಯ ಸಾಲಿನಿಂದ ಪ್ರೇಮ್‌ಕುಮಾರ್ ಎದ್ದು ಒಂದೇ ಪ್ರಶ್ನೆ ಕೇಳಿದ: 'ಪುಟ್ಟಲಿಂಗಮ್ಮ ಅನ್ನೋ ಹೆಸರು ನಿಮಗೆ ಎಲ್ಲಿಂದ ಬಂತು?' ಇಪ್ಪತ್ತೆರಡು ಪುಟದ ವಿಶ್ಲೇಷಣೆ ಕೇಳಿದ ಮೇಲೆ ಇವನಿಗೆ ಬಂದ ಸಂಶಯ ಇದು! 'ಕಲ್ಪನೆ ಸರ್' ಎಂದೆ. ಇನ್ನೊಂದು ಸುತ್ತು ನಗು. ಆತ ಕೂತುಕೊಂಡ.

ಮಾರ್ಚ್ 6, ಗುರುವಾರ

ಸಂಜೆ ದೇವೀರತ್ತೆ ಮನೆಗೆ ಬಂದರು. ನಾನು ಕೋಣೆಯಲ್ಲಿದ್ದೆ. ಅಪ್ಪನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು.

'ಪುಟ್ಟಲಿಂಗಮ್ಮನ್ನ ಕೆಲ್ಸದಿಂದ ತೆಗ್ದಾಕ್ಬುಟ್ರು ಕಣಣ್ಣ. ಊಟ ಕದ್ಕೊಂಡೋಯ್ತಾಳೆ ಅಂತ ಯಾವ್ದೋ ಕಾಲೇಜ್ನಲ್ಲಿ ಓದುದ್ರಂತೆ. ಪಿ.ಜಿ. ಉಡ್ಗಿ ಒಬ್ಳು ಬಂದು ಓನರ್‌ಗೆ ಯೋಳವ್ಳೆ.'

ಹೊರಗೆ ಬಂದೆ. 'ಯಾವ ಪುಟ್ಟಲಿಂಗಮ್ಮ ಅತ್ತೆ?'

'ಅಯ್ಯೋ, ತರಕಾರಿ ಎಚ್ಚೋಳು ಕಣವ್ವ. ನಿನ್ ಕುರ್ಚಿ ಪಕ್ಕದಲ್ಲೇ ಕೂರ್ತಿರ್ಲಿಲ್ವಾ?'

ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಯಿತು, ಅವರಿಗೆ ಅರ್ಥವಾದದ್ದು ನನಗೂ ಅರ್ಥವಾಯಿತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ತಿಂದವರು ಒರೆಸಲಿಲ್ಲ. ಒರೆಸಿದವಳು ನಾನು.

ಮಾರ್ಚ್ 7, ಶುಕ್ರವಾರ

ವಿಜಯ್‌ಕುಮಾರನ ಹತ್ತಿರ ಹೋಗಿ ಹೇಳಿದೆ: ಅದು ನಾನು ಇಟ್ಟ ಹೆಸರು, ಆಕೆ ಏನೂ ಮಾಡಿಲ್ಲ.

'ಅವ್ಳಲ್ಲ ಅಂದ್ರೆ ಇನ್ಯಾರು ಮೇಡಂ? ಯೋಳಿ, ಅವ್ರುನ್ನ ತೆಗಿತೀನಿ.'

'ಅದನ್ನ ಹೇಳೋ ಹಾಗಿಲ್ಲ. ನಿಯಮ.'

'ಕ್ಯಾರಿಯರ್‌ನಲ್ಲಿ ಸಾರು ಓಗಿದ್ದು ನಿಜಾನಾ, ಸುಳ್ಳಾ?'

'ನಿಜ.'

'ಅಡುಗೆಮನೇಲಿ ಇರೋರೇ ಇಬ್ರು. ದೇವೀರಮ್ಮನೋರು ಮನೆತನಸ್ಥರು, ನಿಮ್ ನೆಂಟ್ರು ಬೇರೆ. ಇನ್ನುಳಿದೋಳು ಯಾರು, ನೀವೇ ಲೆಕ್ಕ ಆಕಿ.'

ಆ ಮಟ್ಟದವನ ಜೊತೆ ವಾದ ಮಾಡುವುದೇ ತಪ್ಪು. ಬರವಣಿಗೆಯಲ್ಲಿ ಕೊಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅದರ ಮೇಲೆ ಟೀ ಲೋಟ ಇಟ್ಟ. ಬೇರೆ ಹೆಂಗಸು ಆಗಲೇ ಬಂದಿದ್ದಾಳಂತೆ.

ಮಾರ್ಚ್ 8, ಶನಿವಾರ

ಮಹಿಳಾ ದಿನವಂತೆ. ವಿಭಾಗದಲ್ಲಿ ನಮಗೆಲ್ಲ ಒಂದೊಂದು ಗುಲಾಬಿ, ಒಂದೊಂದು ಪೆನ್ನು.

ಅತ್ತೆಯ ಮನೆಗೆ ಹೋದೆ. ನೀವೇ ಒಂದು ಮಾತು ಹೇಳಿ ಎಂದು ಕೇಳಿದೆ. ಹಿತ್ತಲಿಗೆ ಎಳೆದುಕೊಂಡು ಹೋದರು. 'ನಾನ್ ಒಪ್ಕೊಂಡ್ರೆ ಈ ಮನೇಲಿ ನಂಗೆ ಒಂದ್ ಲೋಟ ನೀರ್ ಉಟ್ಟಲ್ಲ ಕಣವ್ವ. ಒಟ್ಟೇಲಿ ಮಡಿಕೊ ಅಂದಿದ್ನಲ್ಲ, ಮಡಿಕಂಡ್ಯಾ?' ಎಂದು ಅತ್ತುಬಿಟ್ಟರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ಸಾಸಿವೆ ಸಿಡಿದು ಸುಟ್ಟ ಚುಕ್ಕೆಗಳು ಅವರ ಮುಂಗೈ ತುಂಬ ಇವೆ. ಅದನ್ನು ನಾನು ಎಲ್ಲೂ ಬರೆದಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ, 'ಒಳ್ಳೇದೇ ಮಾಡಿದ್ಯ ಬಿಡು. ಅವರ್ಗೇನು, ಇನ್ನೊಂದ್ ಕಡೆ ಕೆಲ್ಸ ಸಿಗುತ್ತೆ. ನಮ್ಮೋರ ಮರ್ಯಾದೆ ಉಳೀತಲ್ಲ' ಎಂದರು. ಬೈಯಬೇಕೆನಿಸಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ 11, ಮಂಗಳವಾರ

ವಾಗೀಶ ಸರ್ ಕರೆದಿದ್ದರು. ಅವರ ಎಂಟು ಜನರಲ್ಲಿ ಒಬ್ಬನಿಗೆ ಸರ್ಕಾರಿ ಕೆಲಸ ಸಿಕ್ಕಿ ಬಿಟ್ಟುಹೋದ. ನನ್ನ ಅರ್ಜಿಗೆ ಅಲ್ಲೇ ಸಹಿ ಹಾಕಿ ಕೊಟ್ಟರು. ಎರಡು ತಿಂಗಳಿಂದ ಕಾದದ್ದು ಹತ್ತು ಸೆಕೆಂಡಿನಲ್ಲಿ ಆಯಿತು.

ಕೆಲಸ ಹೋದ ವಿಷಯ ಹೇಳಿದೆ. ಅವರ ಕಣ್ಣು ಅರಳಿತು. 'ಇದು ಭಾಳ ಶ್ರೀಮಂತವಾದ ಎಪಿಸೋಡು ವರ್ಷಿಣಿ! ಇದನ್ನೇ ಕೊನೆಯ ಭಾಗ ಮಾಡಿ. ಹೆಸರು ಮಾತ್ರ ಬದಲಿಸಬೇಡಿ, ಈಗ ಅದಕ್ಕೊಂದು ತೂಕ ಬಂದಿದೆ.'

ಸಹಿ ಸಿಕ್ಕಿದೆ. ಅಮ್ಮ ಪಾಯಸ ಮಾಡಿದ್ದರು. ನನಗೆ ಸೇರಲಿಲ್ಲ.

ಮಾರ್ಚ್ 12, ಬುಧವಾರ

ಇನ್ನು ನಿಮ್ಮ ಸಹಿ ಬೇಕಿಲ್ಲ ಎಂದು ಹೇಳಿ ಬರುವುದು ಮರ್ಯಾದೆ ಎಂದು ಪ್ರೇಮ್‌ಕುಮಾರ್ ಅವರ ಕೋಣೆಗೆ ಹೋದೆ. 'ಒಳ್ಳೇದಾಯ್ತಮ್ಮ' ಎಂದರು. ಪುಟ್ಟಲಿಂಗಮ್ಮನ ಕೆಲಸ ಹೋದದ್ದನ್ನೂ ಹೇಳಿದೆ. ಹೊರಡಲು ಎದ್ದಾಗ ಅದೇ ಹಳೆಯ ಪ್ರಶ್ನೆ.

'ಆ ಹೆಸರು ಎಲ್ಲಿಂದ ಬಂತು?'

'ಹೇಳಿದೆನಲ್ಲ ಸರ್, ಕಲ್ಪನೆ.'

'ಎರಡನೇ ವಾರದ ನೋಟ್ಸು, ಆರನೇ ಪುಟ ನೋಡಿ.'

ಚೀಲದಲ್ಲೇ ಇತ್ತು. ತೆಗೆದೆ. 'ದೇವೀರಮ್ಮ: ಪುಟ್ಟಲಿಂಗಮ್ಮ, ಬದನೆಕಾಯಿ ನೀರಿಗೆ ಹಾಕು, ಕಪ್ಪಾಯ್ತದೆ.' ನನ್ನದೇ ಅಕ್ಷರ. ಮುಂದಿನ ಪುಟದಲ್ಲಿ ಇನ್ನೊಂದು ಸಲ. ಅದರ ಮುಂದೆ ಮತ್ತೊಂದು ಸಲ. ದಿನವೂ ಕಿವಿಗೆ ಬಿದ್ದಿದೆ, ಕೈ ಬರೆದುಕೊಂಡಿದೆ. ಆ ಹೆಸರಿಗೊಂದು ಮುಖವಿದೆ ಎಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಅತ್ತೆಯ ಕಳಂಕವನ್ನು ಇಳಿಸಲು ಒಂದು ಜಾಗ ಬೇಕಾದಾಗ, ಹುಡುಕದೆಯೇ ಆ ಹೆಸರು ಸಿಕ್ಕಿತು.

ಸಿಟ್ಟು ಬಂತು. 'ನಿಮಗೆ ಅವತ್ತೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?'

ಅವರು ಕನ್ನಡಕ ತೆಗೆದರು. 'ಕೇಳಿದ್ರೆ ನಿಮಗೇ ಹೊಳೆಯುತ್ತೆ ಅಂದ್ಕೊಂಡೆ. ಜನ ನಕ್ಕಾಗ ಸುಮ್ಮನಾದೆ. ಕೂರಬಾರದಿತ್ತು, ಎದ್ದು ಹೇಳಬೇಕಿತ್ತು. ಅದು ನನ್ನ ತಪ್ಪು. ಆ ಯಮ್ಮನ ಕೆಲ್ಸ ಹೋಗಿದ್ದರಲ್ಲಿ ನನ್ನ ಪಾಲೂ ಇದೆ.'

ತಪ್ಪು ಒಪ್ಪಿಕೊಂಡ ಪ್ರೊಫೆಸರನ್ನು ಮೊದಲ ಸಲ ನೋಡಿದೆ.

ಮಾರ್ಚ್ 17, ಸೋಮವಾರ

ಐದು ದಿನ ಧೈರ್ಯ ಬರಲಿಲ್ಲ. ಇವತ್ತು ಹೋದೆ. ಹಿನಕಲ್ಲಿನ ಆಚೆ ಬದಿ, ಎರಡು ಕೋಣೆಯ ಮನೆ. ಪುಟ್ಟಲಿಂಗಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಎಲ್ಲವನ್ನೂ ಹೇಳಿದೆ, ಅತ್ತೆಯ ಹೆಸರೊಂದನ್ನು ಬಿಟ್ಟು.

'ಯಾರೋ ಒಬ್ಬರು ಮಾಡಿದ್ದನ್ನ ನಿಮ್ಮ ಹೆಸರಲ್ಲಿ ಬರೆದೆ. ಅವರು ಯಾರು ಅಂತ ಹೇಳೋ ಹಾಗಿಲ್ಲ, ಕ್ಷಮಿಸಿ.'

'ಯಾಕೆ, ನಂಗೊತ್ತಿಲ್ವಾ?' ಎಂದರು. 'ಒಂಬತ್ತು ವರ್ಸದಿಂದ ಒಂದೇ ಅಡುಗೆಮನೇಲಿ ಇವ್ನಿ. ಕ್ಯಾರಿಯರ್ ತೊಳ್ದು ಮಡಗ್ತಿದ್ದೋಳೇ ನಾನು.'

'ಮತ್ತೆ ಓನರ್ ಕೇಳಿದಾಗ...'

'ಯೋಳುದ್ರೆ ಆ ಯಮ್ಮುಂಗೆ ಅವ್ರ ಮನೇಲಿ ಬಾಳಾಟ ಇರ್ತದಾ? ನಂಗೆ ಕೆಲ್ಸ ಓಯ್ತದೆ, ಆ ಯಮ್ಮುಂಗೆ ಮನೆನೇ ಓಯ್ತದೆ. ಸುಮ್ಕಾದೆ.'

ನಾನು ಅತ್ತೆಗೆ ಮಾತು ಕೊಟ್ಟು, ಇಪ್ಪತ್ತೆರಡು ಪುಟ ಬರೆದು, ಮೈಕಿನಲ್ಲಿ ಓದಿದ್ದೆ. ಇವರಿಂದ ಅತ್ತೆ ಮಾತನ್ನೂ ತೆಗೆದುಕೊಂಡಿರಲಿಲ್ಲ, ಆದರೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ನಾಚಿಕೆಯಾಯಿತು. ಅವರಿಗೆ ಬೇರೆ ಪಿ.ಜಿ.ಯಲ್ಲಿ ಕೆಲಸ ಸಿಕ್ಕಿದೆಯಂತೆ, ರಿಂಗ್ ರೋಡಿನ ಆಚೆ, ನಡೆದು ಹೋಗಲು ಮುಕ್ಕಾಲು ಗಂಟೆ. ನಾನೇನು ಮಾಡಲಿ ಎಂದು ಕೇಳಿದೆ.

'ಆ ಪುಸ್ತಕದಿಂದ ನನ್ನೆಸ್ರು ತೆಗಿ.'

'ತೆಗೀತೀನಿ. ಬೇರೆ ಯಾವ ಹೆಸರು ಹಾಕಲಿ?'

'ಯಾವ್ದಾದ್ರೂ ಆಕುದ್ರೆ ಅವ್ಳು ಯಾರೋ ಒಬ್ಳು ಎಲ್ಲೋ ಇರ್ತಾಳಲ್ಲವ್ವ. ನಿಂದೇ ಆಕ್ಕೊ. ನಿಂಗೇನೂ ಆಗಕ್ಕಿಲ್ಲ.'

ಮಾರ್ಚ್ 20, ಗುರುವಾರ

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಪುಟ್ಟಲಿಂಗಮ್ಮ ಹೋಗಿ ವರ್ಷಿಣಿ ಬಂದಳು, ಎಂಬತ್ತೊಂದು ಕಡೆ. ವಿಭಕ್ತಿ ಸರಿಪಡಿಸಲು ಮೊದಲಿನಿಂದ ಓದಿದೆ.

'ವರ್ಷಿಣಿಯಂಥ ಹೆಂಗಸರಲ್ಲಿ ಮರ್ಯಾದೆ ಎಂಬುದು ಹುಸಿ ಪ್ರದರ್ಶನ ಮಾತ್ರ.' ಈ ವಾಕ್ಯಕ್ಕೆ ಆಧಾರ ಸಾಲದು ಎನಿಸಿತು, ತೆಗೆದೆ.

'ಕದ್ದದ್ದನ್ನು ತನ್ನದೆಂದು ಬಡಿಸುವಾಗ ವರ್ಷಿಣಿಯ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.' ಇದ್ದಿರಬಹುದು. ತೆಗೆದೆ.

'ವರ್ಷಿಣಿಗೆ ತನ್ನ ನಡವಳಿಕೆಯ ಅರ್ಥ ತನಗೇ ತಿಳಿದಿಲ್ಲ.' ಇದನ್ನು ತೆಗೆಯುವ ಮೊದಲು ಎದ್ದು ಹೋಗಿ ನೀರು ಕುಡಿದು ಬಂದೆ.

ಮಾರ್ಚ್ 24, ಸೋಮವಾರ

ಒಂಬತ್ತು ಪುಟ ಉಳಿದಿದೆ. ಸುಟ್ಟ ಚುಕ್ಕೆಗಳನ್ನು ಸೇರಿಸಿದೆ. ಅತ್ತೆಗೆ ಓದಿ ಹೇಳಿದೆ. ಮೂರು ಕಡೆ ತೆಗಿ ಎಂದರು, ತೆಗೆದೆ. ಒಗ್ಗರಣೆ ಯಾಕೆ ಎಂದು ಈಗಾದರೂ ಕೇಳಿದೆ. ಶುದ್ಧಿಗಿದ್ಧಿ ಏನೂ ಅಲ್ಲವಂತೆ. ಬೆಳಿಗ್ಗೆ ಮಾಡಿದ ಸಾರು ಮಧ್ಯಾಹ್ನಕ್ಕೆ ಸಪ್ಪೆಯಾಗುತ್ತದೆ, ಮಾವನ ನಾಲಿಗೆ ಸತ್ತಿದೆ, ಬೆಳ್ಳುಳ್ಳಿ ಇಲ್ಲದೆ ಅನ್ನ ಇಳಿಯುವುದಿಲ್ಲ. ಅಷ್ಟೆ.

ಮಾರ್ಚ್ 26, ಬುಧವಾರ

ವಾಗೀಶ ಒಂಬತ್ತು ಪುಟವನ್ನು ನಿಂತುಕೊಂಡೇ ತಿರುವಿ ಹಾಕಿದ. 'ಏನಿದು? ವಿಶ್ಲೇಷಣೆ ಎಲ್ಲಿ? ಬರೀ ನಡೆದದ್ದು ಬರೆದಿದ್ದೀರಿ. ಆ ಹೆಸರು ಎಲ್ಲಿ? ಹಳೇದನ್ನೇ ವಾಪಸ್ ಹಾಕಿ, ಇಲ್ಲಾ ನನ್ನ ಸಹಿ ವಾಪಸ್ ಕೊಡಿ' ಎಂದ. ಯಾರೋ ಫೋನ್ ಮಾಡಿದರು, ನನ್ನ ಕಡೆ ಬೆನ್ನು ತಿರುಗಿಸಿ ನಗುತ್ತಾ ಮಾತಾಡತೊಡಗಿದ. ಅರ್ಜಿಯನ್ನು ಅವನ ಮೇಜಿನ ಮೇಲೆ ಇಟ್ಟು ಬಂದೆ.

ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದೆ. ಇನ್ನು ಎರಡು ದಿನ. ಎಂಥ ದಡ್ಡಿ ನಾನು.

ಮಾರ್ಚ್ 28, ಶುಕ್ರವಾರ

ಭಾನುವಾರ ಯುಗಾದಿ, ಸೋಮವಾರ ರಂಜಾನ್. ಹಾಗಾಗಿ ಅರ್ಜಿಗೆ ಇವತ್ತೇ ಕೊನೆ, ಸಂಜೆ ನಾಲ್ಕೂವರೆ. ಮೂರು ಗಂಟೆಗೆ ಪ್ರೇಮ್‌ಕುಮಾರ್ ಸರ್ ಕೋಣೆಯ ಮುಂದೆ ನಿಂತೆ. ಒಳಗೆ ಕರೆದರು. ಹೊಸ ಅರ್ಜಿಯನ್ನೂ ಒಂಬತ್ತು ಪುಟವನ್ನೂ ಮೇಜಿನ ಮೇಲಿಟ್ಟೆ.

ಓದಿದರು. ಕೆಂಪು ಪೆನ್ನು ಬಿಚ್ಚಲಿಲ್ಲ. ಗಡಿಯಾರದಲ್ಲಿ ಮೂರೂಮುಕ್ಕಾಲು ಆಗಿತ್ತು.

'ವರ್ಷಿಣಿ ಅನ್ನೋ ಹೆಸರು ಎಲ್ಲಿಂದ ಬಂತು?'

'ಪುಟ್ಟಲಿಂಗಮ್ಮನವರು ಕೊಟ್ಟಿದ್ದು ಸರ್.'

'ಅವರಿಗೆ ಓದಿ ಹೇಳಿದ್ರಾ?'

'ನಿನ್ನೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು.'

'ಏನಂದ್ರು?'

ಚೆನ್ನಾಗಿದೆ ಅಂದರು ಎಂದುಬಿಡಬಹುದಿತ್ತು. ನಿನ್ನೆ ಹತ್ತಿರದಲ್ಲಿ ಯಾರೂ ಇರಲಿಲ್ಲ, ಕೇಳಿದವಳು ನಾನೊಬ್ಬಳೇ. ಸಹಿ ಇಲ್ಲದ ಅರ್ಜಿ ನಮ್ಮಿಬ್ಬರ ನಡುವೆ ಬಿದ್ದಿತ್ತು. ಪುಟ್ಟಲಿಂಗಮ್ಮ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಿದೆ.

'"ಒಂದ್ ತಿಂಗ್ಳು ನಿನ್ ಪಕ್ಕದಲ್ಲೇ ಕೂತಿದ್ನಲ್ಲವ್ವ, ಇದ್ರಲ್ಲಿ ನಾನ್ ಎಲ್ಲಿವ್ನಿ?" ಅಂದ್ರು ಸರ್.'

ಪ್ರೇಮ್‌ಕುಮಾರ್ ಸರ್ ಪೆನ್ನು ತೆಗೆದು ಸಹಿ ಹಾಕಿದರು.